ಅಪ್ರಾಪ್ತವಯಸ್ಕೆಯ ಗರ್ಭಸಮಾಪ್ತಿಯಲ್ಲಿ ಪಾಲಕರ ಒಪ್ಪಿಗೆಯೂ ನ್ಯಾಯಸ್ಥಾನದ ಅನುಜ್ಞೆಯೂ: ಕೊಪ್ಪಳ ಸೀಮೆಯನ್ನು ಕುರಿತ ವಿಚಾರ

ಹದಿನೆಂಟು ವರ್ಷ ತುಂಬದ ಹುಡುಗಿಯೊಬ್ಬಳು ಗರ್ಭಿಣಿಯಾಗಿರುವಳು. ತಂದೆತಾಯಿಗಳು ಊರಿನಲ್ಲಿಲ್ಲ, ಅಥವಾ ಇದ್ದರೂ ಗರ್ಭಸಮಾಪ್ತಿಗೆ ಒಪ್ಪುವುದಿಲ್ಲ, ಅಥವಾ ಅವರಿಗೆ ಸಂಗತಿಯನ್ನು ತಿಳಿಸುವುದೇ ಆಕೆಯ ಪ್ರಾಣಕ್ಕೆ ಅಪಾಯಕರವಾಗಿದೆ. ಇಂತಹ ಸಂದರ್ಭದಲ್ಲಿ ಆಕೆಯು ನ್ಯಾಯಸ್ಥಾನದ ಅನುಜ್ಞೆಯನ್ನು ಪಡೆದು ವೈದ್ಯರ ನೆರವನ್ನು ಹೊಂದಬಹುದೆ? ಈ ಪ್ರಶ್ನೆಗೆ ನಮ್ಮ ದೇಶದ ಕಾಯಿದೆಯು ಕೊಡುವ ಉತ್ತರವನ್ನು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸ್ಥಿತಿಗತಿಗಳಿಗೆ ಅನ್ವಯಿಸಿ ನಿರೂಪಿಸುವುದು ಈ ಲೇಖನದ ಉದ್ದೇಶವಾಗಿದೆ. ಈ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದುವು. ಈಚೆಗೆ ಇವುಗಳಿಂದಲೇ ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳು ಒಡೆದು ಬಂದಿವೆ.

ಮೊದಲು ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕಾಗಿದೆ. ತಂದೆತಾಯಿಗಳ ಒಪ್ಪಿಗೆಗೆ ಬದಲಾಗಿ ನ್ಯಾಯಾಧೀಶರ ಅನುಜ್ಞೆ ಎಂಬ ಪದ್ಧತಿಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿದುದು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ ಬೆಲೊಟ್ಟಿ ಮತ್ತು ಬೇರ್ಡ್ ಎಂಬುವರ ವ್ಯಾಜ್ಯದಲ್ಲಿ, ತಂದೆತಾಯಿಗಳ ಒಪ್ಪಿಗೆಯನ್ನು ಕಡ್ಡಾಯಗೊಳಿಸುವ ಸಂಸ್ಥಾನವು ನ್ಯಾಯಾಧೀಶರ ಬಳಿಗೆ ಹೋಗುವ ದಾರಿಯನ್ನೂ ತೆರೆದಿಡಬೇಕೆಂದು ಹೇಳಿತು. ೨೦೨೨ರ ಡಾಬ್ಸ್ ತೀರ್ಪಿನಿಂದ ಆ ಹಕ್ಕಿನ ಬುಡವೇ ಕಳಚಿಬಿದ್ದಿತಾದರೂ, ಕೆಲವು ಸಂಸ್ಥಾನಗಳಲ್ಲಿ ಆ ಪದ್ಧತಿಯು ಉಳಿದುಕೊಂಡಿದೆ. ಇಂಗ್ಲೆಂಡಿನವರು ಬೇರೊಂದು ದಾರಿಯನ್ನು ಹಿಡಿದರು: ೧೯೮೫ರ ಗಿಲ್ಲಿಕ್ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪವನ್ನು ಗ್ರಹಿಸುವಷ್ಟು ತಿಳಿವಳಿಕೆಯುಳ್ಳ ಬಾಲಕಿಯ ಒಪ್ಪಿಗೆಯೇ ವೈದ್ಯನಿಗೆ ಸಾಕು. ಭಾರತದ ಕಾಯಿದೆಯು ಇವೆರಡನ್ನೂ ಅನುಸರಿಸಿಲ್ಲ. ಆದುದರಿಂದ ಪರದೇಶದ ಪುಸ್ತಕಗಳನ್ನು ಓದಿ ಇಲ್ಲಿಯ ಹುಡುಗಿಗೆ ದಾರಿ ಹೇಳುವುದು ಸಲ್ಲದು.

ನಮ್ಮಲ್ಲಿ ೧೮೬೦ರ ದಂಡಸಂಹಿತೆಯು, ತಾಯಿಯ ಪ್ರಾಣವನ್ನು ಉಳಿಸುವ ಸದುದ್ದೇಶದಿಂದ ಮಾಡಿದುದನ್ನು ಬಿಟ್ಟು, ಉಳಿದ ಎಲ್ಲ ಗರ್ಭಪಾತವನ್ನೂ ಅಪರಾಧವೆಂದು ಎಣಿಸಿತ್ತು. ಗುಟ್ಟಾಗಿ ನಡೆಯುತ್ತಿದ್ದ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದುದನ್ನು ಕಂಡು, ೧೯೬೪ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ಅದರ ವರದಿಯ ಫಲವಾಗಿ ೧೯೭೧ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯು ಹುಟ್ಟಿ, ೧೯೭೨ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ೨೦೨೧ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಇಪ್ಪತ್ತು ವಾರಗಳ ವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯವು ಸಾಕು. ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರಗಳ ವರೆಗೆ, ನಿಯಮಗಳಲ್ಲಿ ಹೆಸರಿಸಿದ ವರ್ಗಗಳ ಸ್ತ್ರೀಯರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯವು ಬೇಕು. ಅತ್ಯಾಚಾರಕ್ಕೆ ತುತ್ತಾದವರೂ ಅಪ್ರಾಪ್ತವಯಸ್ಕೆಯರೂ ಆ ವರ್ಗಗಳಲ್ಲಿ ಸೇರಿದ್ದಾರೆ. ಅತ್ಯಾಚಾರದಿಂದ ಆದ ಗರ್ಭವು ಸ್ತ್ರೀಯ ಮನಸ್ಸಿಗೆ ತೀವ್ರ ಆಘಾತವನ್ನುಂಟುಮಾಡುವುದೆಂದು ಕಾಯಿದೆಯೇ ಭಾವಿಸಿಕೊಳ್ಳುತ್ತದೆ. ಅದನ್ನು ಬೇರೆಯಾಗಿ ರುಜುವಾತುಪಡಿಸಬೇಕಾಗಿಲ್ಲ. ಇಪ್ಪತ್ನಾಲ್ಕು ವಾರಗಳು ಮೀರಿದ ಮೇಲೆ ಭ್ರೂಣದ ಗಂಭೀರ ವೈಕಲ್ಯವಿದ್ದರೆ ವೈದ್ಯಮಂಡಲಿಯು ನಿರ್ಣಯಿಸತಕ್ಕದ್ದು. ಗರ್ಭಿಣಿಯ ಪ್ರಾಣವನ್ನು ಉಳಿಸಲು ತಕ್ಷಣವೇ ಅವಶ್ಯಕವಾದಾಗ ಈ ವಾರಗಳ ಮಿತಿಯು ಅಡ್ಡಬರುವುದಿಲ್ಲ.

ಇನ್ನು ಒಪ್ಪಿಗೆಯ ವಿಚಾರ. ಕಾಯಿದೆಯ ೩ನೆಯ ಕಲಮಿನ ೪ನೆಯ ಉಪಕಲಮು, ಹದಿನೆಂಟು ವರ್ಷ ತುಂಬಿದ ಸ್ತ್ರೀಗೆ ಅವಳ ಒಪ್ಪಿಗೆಯೊಂದೇ ಸಾಕೆನ್ನುತ್ತದೆ. ಗಂಡನ ಒಪ್ಪಿಗೆಯನ್ನಾಗಲಿ ತಂದೆಯ ಒಪ್ಪಿಗೆಯನ್ನಾಗಲಿ ಕೇಳುವುದಿಲ್ಲ. ಹದಿನೆಂಟು ತುಂಬದವಳಿಗಾದರೋ, ಪಾಲಕರು ಬರೆದುಕೊಟ್ಟ ಒಪ್ಪಿಗೆಯಿಲ್ಲದೆ ಗರ್ಭಸಮಾಪ್ತಿಯನ್ನು ಮಾಡತಕ್ಕದ್ದಲ್ಲ ಎಂದು ವಿಧಿಸುತ್ತದೆ. ಪಾಲಕರು ಒಪ್ಪದಿದ್ದರೆ ಇಂತಹ ನ್ಯಾಯಸ್ಥಾನಕ್ಕೆ ಅರ್ಜಿ ಕೊಡಬಹುದೆಂಬ ಮಾತು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಆದರೆ ವಾಚಕರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು: ಕಾಯಿದೆಯು ‘ತಂದೆ’ ಎಂದಾಗಲಿ ‘ತಾಯಿ’ ಎಂದಾಗಲಿ ಹೇಳದೆ ‘ಪಾಲಕ’ ಎಂದಿದೆ, ಪಾಲಕನೆಂದರೆ ಅಪ್ರಾಪ್ತವಯಸ್ಕಳ ಆರೈಕೆಯನ್ನು ವಹಿಸಿಕೊಂಡಿರುವ ವ್ಯಕ್ತಿ ಎಂದು ೨ನೆಯ ಕಲಮಿನಲ್ಲಿ ಅರ್ಥವನ್ನೂ ಕೊಟ್ಟಿದೆ. ನಮ್ಮ ಪ್ರಶ್ನೆಯ ಬೀಗದ ಕೈ ಈ ಒಂದು ವ್ಯಾಖ್ಯೆಯಲ್ಲಿದೆ. ತಂದೆತಾಯಿಗಳನ್ನು ಬಿಟ್ಟು ನ್ಯಾಯಸ್ಥಾನಕ್ಕೆ ಹೋಗುವುದು ಹೇಗೆ ಎಂದು ಕೇಳುವುದಕ್ಕೆ ಮೊದಲು, ಈ ಹುಡುಗಿಯ ಪಾಲಕರು ನಿಜವಾಗಿ ಯಾರು ಎಂದು ಕೇಳಬೇಕು.

ಕೊಪ್ಪಳ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವುಂಟು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳಾಗಿವೆ. ಕುಷ್ಟಗಿ ಯಲಬುರ್ಗಾಗಳ ನೆಲವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಮಳೆ ತಪ್ಪಿದ ವರ್ಷ, ಎಷ್ಟೋ ವೇಳೆ ತಪ್ಪದ ವರ್ಷವೂ, ದುಡಿಯುವ ಗಂಡಹೆಂಡಿರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯಲ್ಲೋ ಸೋದರಮಾವನ ಮನೆಯಲ್ಲೋ ಉಳಿಯುತ್ತಾರೆ. ಅಂತಹ ಹುಡುಗಿಯ ಆರೈಕೆಯನ್ನು ವಹಿಸಿಕೊಂಡಿರುವವಳು ಅಜ್ಜಿಯೇ. ಕಾಯಿದೆಯ ವ್ಯಾಖ್ಯೆಯಂತೆ ಒಪ್ಪಿಗೆಯ ನಮೂನೆಗೆ ಅವಳ ರುಜುವೋ ಹೆಬ್ಬೆಟ್ಟಿನ ಗುರುತೋ ಸಲ್ಲುತ್ತದೆ. ಹಾಗೆಯೇ, ದೇವದಾಸಿಯಾಗಿ ಬಿಡಲ್ಪಟ್ಟಿದ್ದ ತಾಯಿಯ ಮಗಳಿಗೆ ತಂದೆಯ ಹೆಸರನ್ನು ಕೇಳಿ ಆಸ್ಪತ್ರೆಯಿಂದ ಹಿಂದಕ್ಕೆ ಕಳುಹಿಸಲು ಕಾಯಿದೆಯಲ್ಲಿ ಆಧಾರವಿಲ್ಲ. ತಾಯಿಯ ಒಪ್ಪಿಗೆಯೇ ಪೂರ್ಣವಾದುದು. ತಂದೆತಾಯಿಗಳಿಬ್ಬರೂ ಬಂದು ರುಜುಮಾಡಬೇಕೆಂಬ ಮಾತು ಎಲ್ಲಿ ಕೇಳಿಬಂದರೂ ಅದು ರೂಢಿಯ ಮಾತೇ ಹೊರತು ಕಾಯಿದೆಯ ಮಾತಲ್ಲ.

ಬಾಲ್ಯದಲ್ಲಿಯೇ ಮದುವೆಯಾದವಳ ಸಂಗತಿಯೇನು? ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯಿದೆಯು ವಿವಾಹಿತೆಯಾದ ಬಾಲಕಿಗೆ ಗಂಡನನ್ನು ಸಹಜಪಾಲಕನೆಂದು ಹೇಳಿದೆ. ಆದರೆ ಬಾಲ್ಯವಿವಾಹ ನಿಷೇಧದ ೨೦೦೬ರ ಕಾಯಿದೆಗೆ ಕರ್ನಾಟಕವು ಮಾಡಿಕೊಂಡ ೨೦೧೬ರ ತಿದ್ದುಪಡಿಯು ಇಂತಹ ವಿವಾಹಗಳನ್ನು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿತು. ಅಲ್ಲದೆ, ಹದಿನೆಂಟು ತುಂಬದ ಹೆಂಡತಿಯ ಸಂಗವೂ ಅತ್ಯಾಚಾರವೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ನಿರ್ಣಯಿಸಿತು. ಮದುವೆಯೇ ಇಲ್ಲವೆಂದಾದ ಮೇಲೆ, ಆ ಗರ್ಭಕ್ಕಾಗಿ ಆಪಾದಿತನಾಗತಕ್ಕವನು ಪಾಲಕನೆಂದು ಮುಂದೆ ಬರುವುದು ನ್ಯಾಯಕ್ಕೆ ಒಪ್ಪದು.

ಇನ್ನು ಕಠಿನವಾದ ಪ್ರಸಂಗಕ್ಕೆ ಬರೋಣ. ಆರೈಕೆ ಮಾಡುವವರು ಇದ್ದಾರೆ, ಆದರೆ ಒಪ್ಪುವುದಿಲ್ಲ. ಅಥವಾ ಆರೈಕೆ ಮಾಡಬೇಕಾದವನೇ ಅಪರಾಧಿಯಾಗಿದ್ದಾನೆ. ಇಲ್ಲಿ ೨೦೧೨ರ ಪೋಕ್ಸೋ ಕಾಯಿದೆಯು, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆಯು, ನೆರವಿಗೆ ಬರುತ್ತದೆ. ಅದರ ೧೯ನೆಯ ಕಲಮಿನಂತೆ ಅಪರಾಧವನ್ನು ಬಲ್ಲವರೆಲ್ಲರೂ, ವೈದ್ಯರೂ ಸಹ, ಪೊಲೀಸರಿಗೆ ತಿಳಿಸತಕ್ಕದ್ದು. ಪೊಲೀಸರು ಇಪ್ಪತ್ನಾಲ್ಕು ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡತಕ್ಕದ್ದು. ವೈದ್ಯಕೀಯ ಪರೀಕ್ಷೆಯು ತಂದೆತಾಯಿಗಳ ಅಥವಾ ಹುಡುಗಿಗೆ ನಂಬಿಕೆಯುಳ್ಳ ಇನ್ನೊಬ್ಬರ ಸಮಕ್ಷಮದಲ್ಲಿ ನಡೆಯಬೇಕು. ಅಂತಹವರು ಯಾರೂ ಇಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಹೆಸರಿಸಿದ ಹೆಂಗಸೊಬ್ಬಳು ಇರಬೇಕೆಂದು ೨೭ನೆಯ ಕಲಮು ಹೇಳುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗಾದರೋ ೨೦೧೫ರ ಬಾಲನ್ಯಾಯ ಕಾಯಿದೆಯು ದೊಡ್ಡ ಅಧಿಕಾರವನ್ನು ಕೊಟ್ಟಿದೆ. ಆರೈಕೆಯೂ ರಕ್ಷಣೆಯೂ ಬೇಕಾದ ಮಗುವನ್ನು ಸಮಿತಿಯು ತನ್ನ ಆಶ್ರಯಕ್ಕೆ ತೆಗೆದುಕೊಳ್ಳಬಹುದು. ಮಗುವಿನ ಹೊಣೆಯನ್ನು ನಿಜವಾಗಿ ಹೊತ್ತಿರುವವರನ್ನು ಪಾಲಕರೆಂದು ಮಾನ್ಯಮಾಡಬಹುದು. ಹೀಗೆ ಒಪ್ಪಿಗೆಯನ್ನು ಕೊಡಬಲ್ಲ ಪಾಲಕರು ದೊರೆತರೆ, ಇಪ್ಪತ್ನಾಲ್ಕು ವಾರಗಳ ಒಳಗಿನ ಗರ್ಭಕ್ಕೆ ಉಚ್ಚ ನ್ಯಾಯಾಲಯದ ಅನುಜ್ಞೆಯು ಬೇಕಾಗುವುದಿಲ್ಲ. ಈ ಮರ್ಮವನ್ನು ತಿಳಿಯದೆ ಕಾಲಹರಣ ಮಾಡುವುದರಿಂದಲೇ ಬಹಳ ಕೆಡುಕಾಗುತ್ತದೆ.

೧೮೯೦ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಂತೆ ಜಿಲ್ಲೆಯ ನ್ಯಾಯಸ್ಥಾನದಿಂದ ಹೊಸ ಪಾಲಕರನ್ನು ನೇಮಿಸಿಕೊಳ್ಳುವ ಮಾರ್ಗವೂ ಉಂಟು. ಆದರೆ ನೋಟೀಸು, ತಕರಾರು, ಸಾಕ್ಷ್ಯ ಎಂಬ ಮೆಟ್ಟಿಲುಗಳನ್ನು ಏರಿ ಮುಗಿಸುವಷ್ಟರಲ್ಲಿ ಗರ್ಭವು ಕಾಯುವುದಿಲ್ಲ. ಆದುದರಿಂದ ಪಾಲಕರ ನಿರಾಕರಣವು ಸ್ಪಷ್ಟವಾಗಿದ್ದು ಸಮಿತಿಯ ಮೂಲಕ ದಾರಿ ಕಾಣದಿದ್ದರೆ, ಅಥವಾ ಇಪ್ಪತ್ನಾಲ್ಕು ವಾರಗಳು ಮೀರಿದ್ದರೆ, ಸಂವಿಧಾನದ ೨೨೬ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯನ್ನು ಸಲ್ಲಿಸುವುದೇ ಸರಿಯಾದ ಮಾರ್ಗವು. ಈ ಸೀಮೆಯವರು ೧೯೫೬ರ ವರೆಗೆ ಹೈದರಾಬಾದಿನ ಕಡೆಗೂ ಆಮೇಲೆ ಬೆಂಗಳೂರಿನ ಕಡೆಗೂ ಮುಖಮಾಡಬೇಕಾಗಿತ್ತು. ೨೦೦೮ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಗಿ ೨೦೧೩ರಲ್ಲಿ ಖಾಯಂ ಆಯಿತು. ಕೊಪ್ಪಳ ಜಿಲ್ಲೆಯು ಆ ಪೀಠದ ವ್ಯಾಪ್ತಿಗೆ ಸೇರಿದೆ. ಅಪ್ರಾಪ್ತವಯಸ್ಕಳು ತಾನೇ ವ್ಯಾಜ್ಯ ಹೂಡಲಾರಳಾದುದರಿಂದ ಅವಳ ಪರವಾಗಿ ‘ಸಮೀಪಮಿತ್ರ’ನೆಂಬ ಹೆಸರಿನಲ್ಲಿ ಹಿತೈಷಿಯಾದ ವಯಸ್ಕರೊಬ್ಬರು ಅರ್ಜಿಗೆ ರುಜುಮಾಡುತ್ತಾರೆ, ಅವರು ತಂದೆಯಾಗಲಿ ತಾಯಿಯಾಗಲಿ ಆಗಿರಲೇಬೇಕೆಂಬ ನಿಯಮವಿಲ್ಲ. ನ್ಯಾಯಾಲಯವು ಸರ್ಕಾರಿ ಆಸ್ಪತ್ರೆಯ ವೈದ್ಯಮಂಡಲಿಯಿಂದ ವರದಿಯನ್ನು ತರಿಸಿಕೊಂಡು ಆಜ್ಞೆ ಮಾಡುತ್ತದೆ. ವಕೀಲರ ವೆಚ್ಚವೆಂದು ಅಂಜಬೇಕಾಗಿಲ್ಲ: ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಆದಾಯವನ್ನು ನೋಡದೆ ಎಲ್ಲ ಸ್ತ್ರೀಯರಿಗೂ ಮಕ್ಕಳಿಗೂ ಉಚಿತ ನೆರವನ್ನು ವಿಧಿಸಿದೆ. ಅದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು. ೧೦೯೮ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮಕ್ಕಳ ಸಹಾಯವಾಣಿಯೂ, ೧೫೧೦೦ ಎಂಬುದಕ್ಕೆ ಕಾನೂನಿನ ನೆರವೂ ದೊರೆಯುತ್ತದೆ.

ಪಾಲಕರ ಮಾತು ಒಂದು, ಹುಡುಗಿಯ ಮಾತು ಇನ್ನೊಂದು ಆದಾಗ ನ್ಯಾಯಾಲಯವು ಯಾವುದಕ್ಕೆ ತಲೆಬಾಗತಕ್ಕದ್ದು? ಕಾಯಿದೆಯ ಅಕ್ಷರವು ಪಾಲಕರ ರುಜುವನ್ನು ಮಾತ್ರ ಕೇಳಿದೆ. ಹುಡುಗಿಯ ಮನಸ್ಸನ್ನು ಕೇಳಿಲ್ಲ. ಈ ಕೊರತೆಯನ್ನು ತೀರ್ಪುಗಳು ತುಂಬಿವೆ. ಸರ್ಕಾರದ ಆಶ್ರಯದಲ್ಲಿದ್ದ ಮಂದಮತಿಯಾದ ಯುವತಿಯೊಬ್ಬಳ ಪ್ರಸಂಗದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ, ಹೆರುವ ಅಥವಾ ಹೆರದಿರುವ ಆಯ್ಕೆಯು ೨೧ನೆಯ ಅನುಚ್ಛೇದವು ಕೊಟ್ಟ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಹೇಳಿ, ಅವಳ ಇಷ್ಟಕ್ಕೆ ವಿರೋಧವಾಗಿ ಗರ್ಭವನ್ನು ತೆಗೆಸಗೊಡಲಿಲ್ಲ. ೨೦೨೪ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳ ವಿಷಯದಲ್ಲಿ ಅದೇ ನ್ಯಾಯಾಲಯವು ಮೊದಲು ಗರ್ಭಸಮಾಪ್ತಿಗೆ ಅನುಜ್ಞೆ ಕೊಟ್ಟಿತು. ಆಗ ಗರ್ಭಕ್ಕೆ ಸುಮಾರು ಮೂವತ್ತು ವಾರಗಳಾಗಿದ್ದುವು. ಬಳಿಕ ಮಗಳ ಕ್ಷೇಮವನ್ನು ಕುರಿತು ಶಂಕೆಗೊಂಡ ತಂದೆತಾಯಿಗಳು ಮನಸ್ಸು ಬದಲಿಸಿದುದರಿಂದ ಆ ಆಜ್ಞೆಯು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಿತು. ಆ ತೀರ್ಪಿನಲ್ಲಿಯೇ, ಬಾಲಕಿಯ ಅಭಿಪ್ರಾಯವು ಪಾಲಕರ ಅಭಿಪ್ರಾಯಕ್ಕಿಂತ ಭಿನ್ನವಾಗಿದ್ದರೆ ಬಾಲಕಿಯ ಅಭಿಪ್ರಾಯವನ್ನು ನ್ಯಾಯಾಲಯವು ಮುಖ್ಯವಾದ ಅಂಶವೆಂದು ಪರಿಗಣಿಸತಕ್ಕದ್ದೆಂಬ ತತ್ತ್ವವು ಸ್ಥಾಪಿತವಾಯಿತು. ಈ ತತ್ತ್ವವು ಎರಡು ಕಡೆಗೂ ಹರಿಯುತ್ತದೆ. ಬೇಡವೆನ್ನುವವಳ ಮೇಲೆ ತಾಯ್ತನವನ್ನು ಹೇರಬಾರದು. ಬೇಕೆನ್ನುವವಳ ಗರ್ಭವನ್ನು ಮನೆತನದ ಮಾನದ ಹೆಸರಿನಲ್ಲಿ ತೆಗೆಸಲೂಬಾರದು.

ಪೊಲೀಸರ ಭಯವೇ ಎಷ್ಟೋ ಹುಡುಗಿಯರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ. ಸಮವಯಸ್ಕರ ಪ್ರೇಮದಿಂದ ಗರ್ಭವಾದರೂ ಪೋಕ್ಸೋ ಕಾಯಿದೆಯ ದೃಷ್ಟಿಯಲ್ಲಿ ಅದು ಅಪರಾಧವೇ. ವೈದ್ಯರು ವರದಿ ಮಾಡಲೇಬೇಕು. ಇದನ್ನು ಮನಗಂಡು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಸೆಪ್ಟೆಂಬರ್ ೨೯ರ ತೀರ್ಪಿನಲ್ಲಿ, ಬಾಲಕಿಯೂ ಅವಳ ಪಾಲಕರೂ ಕೇಳಿಕೊಂಡರೆ ವೈದ್ಯರು ತಮ್ಮ ವರದಿಯಲ್ಲಿ ಅವಳ ಹೆಸರನ್ನೂ ಗುರುತನ್ನೂ ತಿಳಿಸಬೇಕಾಗಿಲ್ಲವೆಂದು ವಿವರಿಸಿತು. ಈ ಸೌಲಭ್ಯವು ಊರೂರಿಗೂ ತಿಳಿಯಬೇಕಾದುದು. ಅದು ತಿಳಿಯದೆ ಹೋದರೆ ಹುಡುಗಿಯು ನಾಟಿಮದ್ದಿನವರ ಕೈಗೋ ಅನರ್ಹರ ಕೈಗೋ ಬೀಳುತ್ತಾಳೆ. ನೋಂದಾಯಿತರಲ್ಲದವರು ಗರ್ಭವನ್ನು ತೆಗೆದರೆ ಎರಡರಿಂದ ಏಳು ವರ್ಷಗಳ ವರೆಗೆ ಕಠಿನ ಸಜೆಯುಂಟು. ಆದರೆ ಆ ಸಜೆಯು ಸತ್ತವಳನ್ನು ಬದುಕಿಸುವುದಿಲ್ಲ.

ಮೇಲೆ ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ಪಾಲಕರ ಒಪ್ಪಿಗೆಯು ಅವಶ್ಯ. ಆದರೆ ಪಾಲಕರೆಂದರೆ ತಂದೆತಾಯಿಗಳೇ ಎಂದಲ್ಲ. ಆರೈಕೆ ಮಾಡುವವರು ಒಪ್ಪಿದರೆ ನೇರವಾಗಿ ಆಸ್ಪತ್ರೆಗೆ. ಆರೈಕೆ ಮಾಡುವವರಿಲ್ಲದಿದ್ದರೆ ಅಥವಾ ಅವರಿಂದಲೇ ಅಪಾಯವಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ. ಅಲ್ಲಿ ದಾರಿ ಮುಚ್ಚಿದರೆ ಅಥವಾ ವಾರಗಳು ಮೀರಿದರೆ ಧಾರವಾಡದ ಪೀಠಕ್ಕೆ. ಈ ಮೂರು ಬಾಗಿಲುಗಳಲ್ಲಿ ತಪ್ಪಾದ ಬಾಗಿಲನ್ನು ತಟ್ಟುತ್ತ ಕಳೆದ ಒಂದೊಂದು ವಾರವೂ ಶಸ್ತ್ರಕ್ರಿಯೆಯನ್ನು ಕಠಿನಗೊಳಿಸುತ್ತದೆ; ಇಪ್ಪತ್ನಾಲ್ಕನೆಯ ವಾರವು ಕಳೆದ ಮೇಲೆ ಗೆಲುವೂ ಅನಿಶ್ಚಿತವಾಗುತ್ತದೆ. ಪಾಲಕರು ನಿರಾಕರಿಸಿದಾಗ ಇಂತಹ ಅಧಿಕಾರಿಯು ಇಷ್ಟು ದಿನಗಳೊಳಗೆ ನಿರ್ಣಯಿಸತಕ್ಕದ್ದೆಂಬ ಒಂದು ಉಪಕಲಮನ್ನು ಶಾಸನಸಭೆಯು ಕಾಯಿದೆಗೆ ಸೇರಿಸುವುದು ಅತ್ಯವಶ್ಯ. ವೈದ್ಯಮಂಡಲಿಯು ಮೂರು ದಿನಗಳಲ್ಲಿ ಅಭಿಪ್ರಾಯ ಕೊಡತಕ್ಕದ್ದೆಂದು ೨೦೨೧ರ ನಿಯಮಗಳು ಈಗಾಗಲೇ ಗೊತ್ತುಮಾಡಿರುವುದರಿಂದ ಇದು ಅಸಾಧ್ಯವಾದ ಬೇಡಿಕೆಯೇನೂ ಅಲ್ಲ. ಅಲ್ಲಿಯ ವರೆಗೆ, ಕುಷ್ಟಗಿಯ ಹಳ್ಳಿಯೊಂದರಲ್ಲಿ ಅಜ್ಜಿಯ ಸೆರಗನ್ನು ಹಿಡಿದು ಆಸ್ಪತ್ರೆಗೆ ಬಂದ ಹುಡುಗಿಗೆ ‘ಅಪ್ಪನನ್ನು ಕರೆದುಕೊಂಡು ಬಾ’ ಎಂದು ಹೇಳಿ ಕಳುಹಿಸದಿರುವಷ್ಟು ಕಾಯಿದೆಯ ಜ್ಞಾನವು ವೈದ್ಯರಿಗೂ ಪೊಲೀಸರಿಗೂ ಶಾಲೆಯ ಉಪಾಧ್ಯಾಯರಿಗೂ ಇರತಕ್ಕದ್ದು.