ಕೇಳಿ ಬರೆಯುವ ಕೆಲಸದಿಂದ ಓದಿ ಕೋಡ್ ಹಾಕುವ ಕೆಲಸಕ್ಕೆ

ಉಮರ್ಗಾ: ಇಲ್ಲಿಯ ಹೆದ್ದಾರಿ, ಉದಗೀರದ ರೈಲು ಎರಡೂ ಹೈದರಾಬಾದ್ ಕಡೆಗೆ ಹೋಗುತ್ತವೆ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಪದವೀಧರರು ನೌಕರಿ ಹುಡುಕಿ ಹೋಗುವ ದಾರಿಯೂ ಅದೇ. 2000ರ ಆಸುಪಾಸಿನಲ್ಲಿ ಅಂಥವರ ಕಿವಿಗೆ ಬಿದ್ದ ಹೊಸ ಹೆಸರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್.

ಅಮೆರಿಕದ ಡಾಕ್ಟರು ಹಗಲು ರೋಗಿಯನ್ನು ನೋಡಿ ವಿವರವನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅಲ್ಲಿ ಕತ್ತಲಾದಾಗ ಇಲ್ಲಿ ಬೆಳಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡಿ ಕಳಿಸಿದರೆ ಸಾಲಿನ ಲೆಕ್ಕದಲ್ಲಿ ಹಣ.

ಈ ದಂಧೆ ಈಗ ಮೊದಲಿನಂತೆ ಉಳಿದಿಲ್ಲ. 2009ರ ಕಾಯ್ದೆಯ ನಂತರ ಅಮೆರಿಕದ ಆಸ್ಪತ್ರೆಗಳು ದಾಖಲೆಗಳನ್ನು ಕಂಪ್ಯೂಟರ್‌ಗೆ ಏರಿಸಿದವು. ಮಾತು ಕೇಳಿ ತಾನೇ ಬರೆಯುವ ಸಾಫ್ಟ್‌ವೇರ್ ಬಂತು. ಟೈಪ್ ಮಾಡುವವರು ಯಂತ್ರದ ತಪ್ಪು ತಿದ್ದುವವರಾದರು, ಸಾಲಿನ ದರವೂ ಇಳಿಯಿತು. ಹೀಗಾಗಿ ಅನೇಕರು ಮೆಡಿಕಲ್ ಕೋಡಿಂಗ್ ಕಡೆ ತಿರುಗಿದರು.

ಕೋಡಿಂಗ್ ಎಂದರೆ ಕೇಳುವುದಲ್ಲ, ಓದುವುದು. ರೋಗಿಯ ಕಾಗದ ಓದಿ ರೋಗಕ್ಕೆ, ಚಿಕಿತ್ಸೆಗೆ ನಿಗದಿಯಾದ ಸಂಕೇತ ಹಾಕಬೇಕು. ತೊಡಕಿಲ್ಲದ ಎರಡನೇ ವಿಧದ ಸಕ್ಕರೆ ಕಾಯಿಲೆಗೆ ಇ11.9, ಅದರಿಂದ ಕಿಡ್ನಿ ಕೆಟ್ಟಿದ್ದರೆ ಇ11.22. ಆಕಳು ಗುದ್ದಿದರೂ ಕೋಡ್ ಇದೆ, ಡಬ್ಲ್ಯು55.22! ಈ ಕೋಡ್ ನೋಡಿಯೇ ವಿಮಾ ಕಂಪನಿ ಹಣ ಕೊಡುತ್ತದೆ. ತಪ್ಪಿದರೆ ಬಿಲ್ ವಾಪಸ್. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10ಕ್ಕೆ ಬದಲಾದಾಗ ರೋಗದ ಕೋಡ್‌ಗಳು ಸುಮಾರು 14 ಸಾವಿರದಿಂದ 68 ಸಾವಿರ ದಾಟಿದವು.

ಟ್ರಾನ್ಸ್‌ಕ್ರಿಪ್ಷನ್ ಮಾಡಿದವರಿಗೆ ರೋಗ, ಔಷಧ, ಅಂಗಾಂಗಗಳ ಹೆಸರು ಬಾಯಿಪಾಠ. ಅದು ಇಲ್ಲಿ ಕೈ ಹಿಡಿಯುತ್ತದೆ. ಟೈಪಿಂಗ್ ವೇಗ ಮಾತ್ರ ಕೆಲಸಕ್ಕೆ ಬರುವುದಿಲ್ಲ. ನಿಯಮ ಹೊಸದಾಗಿಯೇ ಕಲಿಯಬೇಕು.

‘ಬಿ.ಕಾಂ. ಆದವರಿಗೆ ನಡೀತದೇನ್ರಿ?’ ಎಂಬುದು ಮನೆಮಂದಿಯ ಪ್ರಶ್ನೆ. ಅಮೆರಿಕದ ಎಎಪಿಸಿ ಸಂಸ್ಥೆ ನಡೆಸುವ ಸಿಪಿಸಿ ಪರೀಕ್ಷೆಗೆ ಯಾವ ಪದವಿಯಾದರೂ ಅಡ್ಡಿಯಿಲ್ಲ. 100 ಪ್ರಶ್ನೆ, 4 ತಾಸು, ಕೋಡ್ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಬಹುದು, ಪಾಸಾಗಲು ಶೇ 70 ಅಂಕ ಬೇಕು. ಅನುಭವ ಇಲ್ಲದವರ ಸರ್ಟಿಫಿಕೇಟ್ ಮೇಲೆ ಅಪ್ರೆಂಟಿಸ್ ಎಂಬ ಗುರುತು ಇರುತ್ತದೆ. ಆದರೆ ನಮ್ಮ ದೇಶದ ಹಲವು ಕಂಪನಿಗಳು ಫಾರ್ಮಸಿ, ನರ್ಸಿಂಗ್, ಜೀವಶಾಸ್ತ್ರ ಓದಿದವರನ್ನೇ ಮೊದಲು ಕೇಳುತ್ತವೆ. ಬಿ.ಕಾಂ. ಆಗಿ ಇಂಗ್ಲಿಷ್ ಮಾತು ಬರುವವರಿಗೆ ಬಿಲ್ ವಸೂಲಿಯ ವಿಭಾಗ ಇನ್ನೊಂದು ಬಾಗಿಲು.

ಅದಕ್ಕೇ ‘ನೌಕರಿ ಪಕ್ಕಾ’ ಎಂಬ ಬೋರ್ಡ್ ನೋಡಿ ಒಮ್ಮೆಗೇ ಫೀ ತುಂಬಬೇಡಿ. ಕಂಪನಿಯ ಜಾಹೀರಾತಿನಲ್ಲಿ ಯಾವ ಪದವಿ ಕೇಳಿದ್ದಾರೆ ಎಂದು ಮೊದಲು ನೋಡಿ. ಆ ಕ್ಲಾಸಿನಲ್ಲಿ ಕಲಿತು ನೌಕರಿ ಮಾಡುತ್ತಿರುವ ಇಬ್ಬರನ್ನಾದರೂ ಮಾತಾಡಿಸಿ. ಕೋಡಿಂಗ್‌ನಲ್ಲೂ ಸಾಫ್ಟ್‌ವೇರ್ ಕಾಲಿಟ್ಟಿದೆ. ಅದು ಹಾಕಿದ ಕೋಡ್ ಸರಿಯೋ ತಪ್ಪೋ ಹೇಳಬಲ್ಲಷ್ಟು ಕಲಿತವರಿಗೇ ಮುಂದೆ ಬೆಲೆ. ಹೊಲ ಒತ್ತೆ ಇಟ್ಟು ಕಲಿಸುವ ಮೊದಲು ಇಷ್ಟು ವಿಚಾರಿಸಿಕೊಳ್ಳುವುದು ಒಳ್ಳೆಯದು.