ಕಾಕಾನಿಂದಲೋ, ಕಾಕಾನೊಡನೆಯೋ?

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪುರಾಣಕ್ಕಾಗಿ ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ತಂಗಿದ್ದೆ. ಒಂದು ಬೆಳಿಗ್ಗೆ ಪೂಜೆ ಮುಗಿಯುವ ಹೊತ್ತಿಗೆ ಗೃಹಸ್ಥರೊಬ್ಬರು ಹೈದರಾಬಾದಿನಲ್ಲಿ ಓದುತ್ತಿದ್ದ ಮಗನ ಪತ್ರವನ್ನು ಹಿಡಿದುಕೊಂಡು ಬಂದರು. ಅದರಲ್ಲಿ ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದಿದ್ದರು: ‘ಕಾಲೇಜಿನ ಶುಲ್ಕದ ಬಗ್ಗೆ ಕಾಕಾನಿಂದ ಮಾತಾಡಿದ್ದೇನೆ. ದೀಪಾವಳಿಯವರೆಗೆ ಹಣ ಕೊಡುತ್ತಾರೆ.’

“ನೋಡ್ರಿ ಅಪ್ಪಾವರೆ, ನನ್ನ ತಮ್ಮನೇ ಹುಡುಗನ ಕಡಿಂದ ಈ ಮಾತು ಆಡಸ್ಯಾನ. ಅದೂ ದೀಪಾವಳಿ ತನಕ ಅಷ್ಟೇ ಕೊಡ್ತಾನಂತ. ಮುಂದ ಹುಡುಗ ಏನ್ ಮಾಡಬೇಕು?” ಎಂದು ನೊಂದು ನುಡಿದರು. ಪತ್ರ ಬಂದ ದಿನದಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು.

ನಾನು ಪತ್ರವನ್ನು ಎರಡು ಸಲ ಓದಿ, “ಇದೇ ಮಾತನ್ನು ಉರ್ದುವಿನಲ್ಲಿ ಹೇಳಿ ನೋಡಿರಿ” ಎಂದೆ. ಅವರು ‘ಕಾಕಾ ಸೇ ಬಾತ್ ಕೀ ಹೈ, ದೀವಾಲೀ ತಕ್...’ ಎಂದವರು ಅಲ್ಲಿಯೇ ತಡೆದರು. ಅವರಿಗೆ ಅರ್ಥವಾಗಿತ್ತು. ಮಗ ಕಾಕಾನೊಡನೆ ಮಾತಾಡಿದ್ದ. ಕಾಕಾ ದೀಪಾವಳಿಯೊಳಗೆ ಹಣ ಕೊಡುವುದಾಗಿ ಒಪ್ಪಿದ್ದ. ಹುಡುಗ ಉರ್ದುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದಿದ್ದ, ಅಷ್ಟೆ. ಒಂದು ‘ಇಂದ’, ಒಂದು ‘ವರೆಗೆ’ ಇವೆರಡೂ ಸೇರಿ ಒಂದು ಮನೆಯನ್ನು ಎರಡಾಗಿಸುವುದರಲ್ಲಿದ್ದವು.

ವ್ಯಾಕರಣವೆಂದರೆ ಪರೀಕ್ಷೆಯ ಅಂಕಗಳಿಗೆ ಮಾತ್ರ ಬೇಕಾದ ವಿಷಯವೆಂದು ಭಾವಿಸಿದವರು ಬಹಳ. ಈ ಪ್ರಸಂಗವನ್ನು ಕಂಡ ಮೇಲೆ ಆ ಭಾವನೆ ಎಷ್ಟು ತಪ್ಪೆಂದು ನನಗೆ ಮತ್ತೊಮ್ಮೆ ಮನವರಿಕೆಯಾಯಿತು.

ಇಂಗ್ಲಿಷಿನಲ್ಲಿ ಸಂಬಂಧ ಸೂಚಿಸುವ ಪದ ನಾಮಪದಕ್ಕಿಂತ ಮೊದಲು ಬರುತ್ತದೆ; ‘ಆನ್ ದ ಟೇಬಲ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮೇಜಿನ ಮೇಲೆ’ ಎನ್ನುವಾಗ ಆ ಪದ ನಾಮಪದದ ನಂತರ ನಿಲ್ಲುತ್ತದೆ. ಉರ್ದುವಿನ ‘ಮೇಜ್ ಪರ್’, ಮರಾಠಿಯ ‘ಟೇಬಲಾವರ’ ಇವುಗಳ ಕ್ರಮವೂ ಇದೇ. ಕನ್ನಡದಲ್ಲಿ ಈ ಕೆಲಸವನ್ನು ಎರಡು ಬಗೆಯ ರೂಪಗಳು ಮಾಡುತ್ತವೆ. ಅನ್ನು, ಇಂದ, ಗೆ, ಅಲ್ಲಿ ಮುಂತಾದ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡಿರುತ್ತವೆ. ಮೇಲೆ, ಒಳಗೆ, ಮುಂದೆ, ಬಗ್ಗೆ, ಮೂಲಕ, ಸಲುವಾಗಿ ಮುಂತಾದವು ಆ ಪ್ರತ್ಯಯಾಂತ ಪದದ ಬೆನ್ನಿಗೆ ಬರುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಾಮ ಪ್ರಕರಣವನ್ನೂ ಅವ್ಯಯ ಪ್ರಕರಣವನ್ನೂ ಪ್ರತ್ಯೇಕವಾಗಿಯೇ ನಿರೂಪಿಸಿದ್ದಾನೆ. ಅವನ ಕಾಲದ ಸಪ್ತಮಿ ‘ಒಳ್’ ಎಂಬುದಾಗಿತ್ತು; ಇಂದು ನಾವು ‘ಅಲ್ಲಿ’ ಎಂದು ಬರೆಯುತ್ತೇವೆ. ನಮ್ಮ ಆಡುಮಾತಿನ ‘ಮನ್ಯಾಗ’, ‘ಊರಾಗ’ ಎಂಬ ರೂಪಗಳು ಮಾಡುವ ಕೆಲಸವೂ ಅದೇ.

ಹಾಗಾದರೆ ನಮ್ಮ ಮಕ್ಕಳು ಎಡವುವುದು ಎಲ್ಲಿ? ಉರ್ದುವಿನ ‘ಸೇ’ ಎಂಬ ಒಂದೇ ಪ್ರತ್ಯಯ ಹಲವು ಸಂಬಂಧಗಳನ್ನು ಹೊರುತ್ತದೆ. ‘ಚಾಕೂ ಸೇ ಕಾಟಾ’ ಎಂಬುದಕ್ಕೆ ‘ಚಾಕುವಿನಿಂದ ಕೊಯ್ದೆ’ ಎಂದರೆ ಸರಿ. ಆದರೆ ‘ಬಸ್ ಸೇ ಆಯಾ’ ಎಂಬುದು ‘ಬಸ್ಸಿನಲ್ಲಿ ಬಂದೆ’ ಎಂದಾಗಬೇಕು. ಬಸ್ಸಿನಿಂದ ಇಳಿಯುತ್ತೇವೆ, ಬಸ್ಸಿನಲ್ಲಿ ಬರುತ್ತೇವೆ. ‘ಉಸ್ ಸೇ ಪೂಛಾ’ ಎಂದರೆ ‘ಅವನನ್ನು ಕೇಳಿದೆ’, ‘ಉಸ್ ಸೇ ಬಾತ್ ಕೀ’ ಎಂದರೆ ‘ಅವನೊಡನೆ ಮಾತಾಡಿದೆ’, ‘ಉಸ್ ಸೇ ಬಡಾ’ ಎಂದರೆ ‘ಅವನಿಗಿಂತ ದೊಡ್ಡವನು’. ಅಲ್ಲಿ ಒಂದು, ಇಲ್ಲಿ ಐದು. ಮರಾಠಿಯು ಈ ವಿಷಯದಲ್ಲಿ ಕನ್ನಡಕ್ಕೆ ಹತ್ತಿರ. ‘ತ್ಯಾಲಾ’ ಕೇಳುವುದು, ‘ತ್ಯಾಚ್ಯಾಶೀ’ ಮಾತಾಡುವುದು ಎಂದು ಅದೂ ಬೇರ್ಪಡಿಸುತ್ತದೆ. ಆದರೆ ಉರ್ದುವಿನ ‘ತಕ್’, ಮರಾಠಿಯ ‘ಪರ್ಯಂತ’ ಇವೆರಡೂ ‘ಅಲ್ಲಿಯ ತನಕ’ ಎಂಬುದಕ್ಕೂ ‘ಅಷ್ಟರೊಳಗೆ’ ಎಂಬುದಕ್ಕೂ ಸಲ್ಲುತ್ತವೆ. ಕನ್ನಡದಲ್ಲಿ ‘ಸೋಮವಾರದವರೆಗೆ ಕೊಡುತ್ತೇನೆ’ ಎಂದರೆ ಕೊಡುವ ಕೆಲಸ ಸೋಮವಾರದ ತನಕ ನಡೆಯುತ್ತದೆ ಎಂದು ಅರ್ಥ. ಸಾಲ ತೀರಿಸುವವರು ‘ಸೋಮವಾರದೊಳಗೆ’ ಎಂದೇ ಬರೆಯಬೇಕು. ಕೈಗಡದ ಚೀಟಿಯಲ್ಲಿ, ಹೊಲದ ಒಪ್ಪಂದದಲ್ಲಿ ಈ ಭೇದದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಉರ್ದು ಮರಾಠಿಗಳನ್ನು ದೂಷಿಸಬಾರದು. ಅನೇಕ ಭಾಷೆ ಬಲ್ಲ ಮಗು ಗಡಿನಾಡಿನ ಭಾಗ್ಯ. ಆದರೆ ಪ್ರತಿಯೊಂದು ಭಾಷೆಯನ್ನೂ ಅದರ ನಡೆಯಲ್ಲಿಯೇ ಬರೆಯಬೇಕು. ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಶಾಲೆ ಕಚೇರಿಗಳಲ್ಲಿ ಉರ್ದುವೇ ಪ್ರಧಾನವಾಗಿದ್ದಾಗ, ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. 1999ರಲ್ಲಿ ಲಿಂಗೈಕ್ಯರಾದ ಆ ಮಹನೀಯರ ಕಾರ್ಯವನ್ನು ನೆನೆಯುವಾಗಲೆಲ್ಲ ‘ಹೊರಗೆ’, ‘ಒಳಗೆ’ ಎಂಬ ಎರಡು ಅವ್ಯಯಗಳೇ ನನ್ನ ಕಣ್ಣ ಮುಂದೆ ನಿಲ್ಲುತ್ತವೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿತು. ಫಲಕಗಳು ಕನ್ನಡವಾದವು. ಒಳಗಿನ ವಾಕ್ಯವೂ ಕನ್ನಡವಾಗಬೇಕಾದದ್ದು ನಮ್ಮ ಹೊಣೆ.

ಇನ್ನೊಂದು ಸಂಗತಿ ಸ್ಥಾನಕ್ಕೆ ಸಂಬಂಧಿಸಿದ್ದು. ‘ತಾಯಿ ಮಗುವಿಗೆ ಹಾಲನ್ನು ಕೊಟ್ಟಳು’ ಎಂಬುದನ್ನು ‘ಹಾಲನ್ನು ತಾಯಿ ಮಗುವಿಗೆ ಕೊಟ್ಟಳು’ ಎಂದು ಬದಲಿಸಿದರೂ ಯಾರು ಯಾರಿಗೆ ಏನು ಕೊಟ್ಟರೆಂಬುದು ಕೆಡುವುದಿಲ್ಲ, ಪ್ರತ್ಯಯಗಳು ಕಾವಲಿಗಿವೆ. ಆದರೆ ಈ ಸ್ವಾತಂತ್ರ್ಯಕ್ಕೂ ಮಿತಿಯುಂಟು. ಆಮಂತ್ರಣ ಪತ್ರಿಕೆಗಳಲ್ಲಿ ‘ದಾಸೋಹ ಮಂಟಪದಲ್ಲಿ ಗುರುಗಳು ಬರೆದ ಗ್ರಂಥವನ್ನು ಬಿಡುಗಡೆ ಮಾಡಲಾಗುವುದು’ ಎಂಬಂಥ ವಾಕ್ಯಗಳನ್ನು ಕಾಣುತ್ತೇವೆ. ಗುರುಗಳು ಮಂಟಪದಲ್ಲಿ ಕುಳಿತು ಗ್ರಂಥ ಬರೆದರೇ? ‘ಗುರುಗಳು ಬರೆದ ಗ್ರಂಥವನ್ನು ದಾಸೋಹ ಮಂಟಪದಲ್ಲಿ ಬಿಡುಗಡೆ ಮಾಡಲಾಗುವುದು’ ಎಂದರೆ ಸಂದೇಹವಿಲ್ಲ. ಎಲ್ಲಿ, ಎಂದು, ಯಾರೊಡನೆ ಎಂಬುದನ್ನು ತಿಳಿಸುವ ಪದವು ತಾನು ಸೇರಬೇಕಾದ ಕ್ರಿಯಾಪದದ ಹತ್ತಿರ ಇರಬೇಕು.

ಈ ಅವ್ಯಯಗಳು ತಮ್ಮ ಹಿಂದಿನ ಪದದಿಂದ ಬೇರೆ ಬೇರೆ ವಿಭಕ್ತಿಗಳನ್ನು ಬೇಡುತ್ತವೆಂಬುದನ್ನೂ ಗಮನಿಸಬೇಕು. ‘ಶರಣರ ಬಗ್ಗೆ’ ಎಂಬಲ್ಲಿ ಷಷ್ಠಿ, ‘ಶರಣರನ್ನು ಕುರಿತು’ ಎಂಬಲ್ಲಿ ದ್ವಿತೀಯೆ, ‘ಶರಣರಿಗೋಸ್ಕರ’ ಎಂಬಲ್ಲಿ ಚತುರ್ಥಿ. ಈಚೆಗೆ ‘ಶರಣರ ಕುರಿತು’ ಎಂದೂ ಬರೆಯುತ್ತಾರೆ. ಹಳೆಯ ರೂಢಿ ದ್ವಿತೀಯೆಯದು.

ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಒಂದು ಅಭ್ಯಾಸ ಮಾಡಿಸುತ್ತಿದ್ದರು. ಓದುವ ಸಾಲಿನಲ್ಲಿ ಪ್ರತ್ಯಯವನ್ನು ಬೆರಳಿನಿಂದ ಮುಚ್ಚಿ, “ಇಲ್ಲಿ ಏನು ಬರಬೇಕು? ಬೇರೊಂದು ಬಂದರೆ ಅರ್ಥ ಏನಾಗುತ್ತದೆ?” ಎಂದು ಕೇಳುತ್ತಿದ್ದರು. ತಾಯಂದಿರೂ ಅಜ್ಜಂದಿರೂ ಸಂಜೆಯ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮಕ್ಕಳೊಡನೆ ಇದನ್ನು ಮಾಡಬಹುದು. ಇದಕ್ಕೆ ಪುಸ್ತಕ ಕೊಳ್ಳಬೇಕಾಗಿಲ್ಲ. ಮನೆಗೆ ಬಂದ ಒಂದು ಆಮಂತ್ರಣ ಪತ್ರಿಕೆ ಸಾಕು.

ಭಾತಂಬ್ರಾದ ಆ ಗೃಹಸ್ಥರು ಅಂದು ನನ್ನಿಂದ ಪೆನ್ಸಿಲು ಪಡೆದು, ಮಗನ ಪತ್ರದಲ್ಲಿ ‘ಕಾಕಾನಿಂದ’ ಎಂಬುದನ್ನು ಹೊಡೆದು ‘ಕಾಕಾನೊಡನೆ’ ಎಂದು ಬರೆದರು. ‘ವರೆಗೆ’ ಇದ್ದಲ್ಲಿ ‘ಒಳಗೆ’ ಎಂದು ತಿದ್ದಿದರು. ತಮ್ಮ ಮನೆಗೆ ಹೋಗಲಿಲ್ಲ. ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ನೇರವಾಗಿ ತಮ್ಮನ ಮನೆಗೆ ನಡೆದರು. ಆ ರಾತ್ರಿ ಪುರಾಣಕ್ಕೆ ಇಬ್ಬರೂ ಒಟ್ಟಿಗೆ ಬಂದು ಒಂದೇ ಚಾಪೆಯ ಮೇಲೆ ಕುಳಿತಿದ್ದರು.