ಬಣ್ಣದ ಚೌಕಗಳಲ್ಲಿ ಸರಿಗಮ

ಮೈಸೂರಿನ ಹಳೆಯ ಬಡಾವಣೆಯ ಮನೆಯೊಂದರ ಪಡಸಾಲೆ. ಸಂಗೀತ ಪಾಠಕ್ಕೆ ಬಂದ ಐದಾರು ಚಿಕ್ಕ ಮಕ್ಕಳು ಜಮಖಾನದ ಮೇಲೆ ಬೋರಲು ಮಲಗಿ, ಒಂದೇ ಟ್ಯಾಬ್‌ನ ಸುತ್ತ ತಲೆ ಸೇರಿಸಿದ್ದಾರೆ. ಪರದೆಯಲ್ಲಿ ಕೋತಿಗಳು ತಾಳವಾದ್ಯ ಬಾರಿಸುತ್ತಿವೆ. ಯಾವ ಚುಕ್ಕೆ ಮುಟ್ಟಿದರೆ ಆ ಎಣಿಕೆಗೆ ಒಂದು ಪೆಟ್ಟು. "ನಂದೂ ಒಂದ್ ಸಲ ಕೊಡೋ!" ಎಂದು ಗಲಾಟೆ.

ಇದು 'ಕ್ರೋಮ್ ಮ್ಯೂಸಿಕ್ ಲ್ಯಾಬ್'. ಗೂಗಲ್ 2016ರಲ್ಲಿ ತೆರೆದ ಆಟದಂಗಳ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಬ್ರೌಸರ್ ಇದ್ದರೆ ಆಯಿತು. ಅಂಕಗಳಿಲ್ಲ, ಗೆದ್ದವರಿಲ್ಲ, 'ತಪ್ಪು' ಎಂದು ಕಿರುಚುವ ಕೆಂಪು ಗುರುತೂ ಇಲ್ಲ.

ಬಣ್ಣಕ್ಕೂ ನಾದಕ್ಕೂ ನಂಟು ಹುಡುಕಿದ ರಷ್ಯಾದ ಚಿತ್ರಕಾರ ಕಾಂಡಿನ್‌ಸ್ಕಿಯ ಹೆಸರಿನ ಆಟದಲ್ಲಿ ಪುಟ್ಟಿಯೊಬ್ಬಳು ಬೆರಳಿನಿಂದ ಸೊಟ್ಟ ಗೆರೆ ಎಳೆಯುತ್ತಾಳೆ. ಗೆರೆ ದನಿಗೂಡುತ್ತದೆ. ವೃತ್ತ ಬರೆದರೆ ಅದಕ್ಕೆ ಕಣ್ಣುಬಾಯಿ ಮೂಡಿ ಹಾಡಲು ಶುರು! 'ಸ್ಪೆಕ್ಟ್ರೋಗ್ರಾಮ್' ತೆರೆದವನು ಕುಕ್ಕರಿನಂತೆ ಸೀಟಿ ಹಾಕುತ್ತಾನೆ. ಬಣ್ಣದ ಗೆರೆಯೊಂದು ಮೇಲೆಲ್ಲೋ ಹರಿಯುತ್ತದೆ. ಅಜ್ಜನ ಹಾಗೆ ಗೊಗ್ಗರು ದನಿಯಲ್ಲಿ "ಏನೋ" ಎಂದರೆ ಬಣ್ಣವೆಲ್ಲ ಬುಡಕ್ಕೆ ಇಳಿಯುತ್ತದೆ. ಮಂದ್ರ, ತಾರ ಎಂಬ ಹೆಸರುಗಳನ್ನು ಯಾರೂ ಇನ್ನೂ ಹೇಳಿಕೊಟ್ಟಿಲ್ಲ. ಆದರೂ ಯಾವುದು ಕೆಳಗೆ, ಯಾವುದು ಮೇಲೆ ಎಂಬುದು ಕಣ್ಣಿಗೆ ಕಂಡಾಯಿತು.

ಅಷ್ಟರಲ್ಲಿ ಮಿಸ್ ಒಳಗಿನಿಂದ ಬರುತ್ತಾರೆ. ಗದರುವುದಿಲ್ಲ, ತಾವೂ ಕೂತು 'ಸಾಂಗ್ ಮೇಕರ್' ತೆರೆಯುತ್ತಾರೆ. ಪರದೆ ತುಂಬ ಖಾಲಿ ಚೌಕಗಳು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರ. ಒಂದೊಂದು ಸ್ವರಕ್ಕೆ ಒಂದೊಂದು ಬಣ್ಣ. ಮೇಲಿನ ಸ್ಥಾಯಿಯಲ್ಲಿ ಅದೇ ಬಣ್ಣ ಮತ್ತೆ ಬರುತ್ತದೆ. "ಸರಳೆ ವರಸೆ ಮೊದಲನೇದು ಇಡೋ" ಎನ್ನುತ್ತಾರೆ. ಹುಡುಗ ಸಾಲುಸಾಲಾಗಿ ಎಂಟು ಚೌಕ ಮುಟ್ಟುತ್ತಾನೆ. ನೇರ ಏಣಿಯೊಂದು ಸಿದ್ಧ. ಒತ್ತಿದರೆ ಮರಿಂಬಾ ನುಡಿಯುತ್ತದೆ.

"ಮಿಸ್, ನಾವು ಹಾಡೋ ಥರ ಇಲ್ಲ!"

"ಇರಲ್ಲ ಕಣೋ. ಇದು ಶಂಕರಾಭರಣ ರಾಗ. ನಾವು ಹಾಡೋದು ಮಾಯಾಮಾಳವಗೌಳ."

ಅವರು ಆಯ್ಕೆಗಳೊಳಗೆ ಹೋಗಿ ಶಂಕರಾಭರಣದ ಸ್ವರಗಳಷ್ಟೇ ಇರುವ 'ಮೇಜರ್' ತೆಗೆದು ಎಲ್ಲ ಸ್ವರಗಳಿರುವ 'ಕ್ರೊಮ್ಯಾಟಿಕ್' ಇಡುತ್ತಾರೆ. ಈಗ ಸ್ಥಾಯಿಗೆ ಹನ್ನೆರಡು ಸಾಲು. ಸ ಬಿಟ್ಟರೆ ಪಕ್ಕದ ಸಾಲೇ ರಿ. ಅಲ್ಲಿಂದ ಎರಡು ಸಾಲು ಹಾರಿ ಗ, ಅದರ ಪಕ್ಕಕ್ಕೇ ಮ. ನಡುವೆ ಒಂದು ಸಾಲು ಖಾಲಿ ಬಿಟ್ಟು ಪ. ಮತ್ತೆ ಪಕ್ಕಕ್ಕೇ ಧ, ಎರಡು ಸಾಲು ಹಾರಿ ನಿ, ಪಕ್ಕಕ್ಕೇ ಮೇಲಿನ ಸ. ಏಣಿ ಈಗ ಒಂದೇ ಸಮ ಇಲ್ಲ. ಕುಳ್ಳ ಹುಡುಗಿಯೊಬ್ಬಳು ಬೆರಳು ತೋರಿಸಿ ಕೂಗುತ್ತಾಳೆ: "ಕೆಳಗಿನ ನಾಲ್ಕು, ಮೇಲಿನ ನಾಲ್ಕು, ಎರಡೂ ಒಂದೇ ಥರ ಇದೆ!"

ಮಿಸ್ ಮುಖ ಅರಳುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಪಾಠಕ್ರಮದಲ್ಲಿ ಈ ರಾಗವೇ ಮೊದಲು ಬರುವುದಕ್ಕೆ ಹಿರಿಯರು ಕೊಡುವ ಕಾರಣಗಳಲ್ಲಿ ಈ ಜೋಡಿ ಅಂದವೂ ಒಂದು. ಸ ರಿ ಗ ಮ ನಡೆದ ಹೆಜ್ಜೆಯಲ್ಲೇ ಪ ಧ ನಿ ಸ ನಡೆಯುತ್ತದೆ. ಎಷ್ಟೋ ಮಕ್ಕಳು ವರ್ಷಗಟ್ಟಲೆ ಹಾಡಿಯೂ ಗಮನಿಸದ ಸಂಗತಿ, ಇಲ್ಲಿ ಎರಡನೇ ತರಗತಿಯವಳ ಕಣ್ಣಿಗೆ ಬಿತ್ತು.

ಆಟದ ಮಿತಿಯೂ ಅಲ್ಲೇ ಬಯಲಾಗುತ್ತದೆ. ಮಿಸ್ ರಿಷಭವನ್ನು ತುಸು ಅಲುಗಿಸಿ ಹಾಡುತ್ತಾರೆ. "ಇದನ್ನ ಯಾವ ಚೌಕದಲ್ಲಿ ಇಡ್ತೀರಿ?" ಮಕ್ಕಳು ಹುಡುಕುತ್ತಾರೆ; ಜಾಗವಿಲ್ಲ. ಹೀಗೆ ಸ್ವರವನ್ನು ಅಲುಗಿಸುವ ಗಮಕ ಎರಡು ಸಾಲುಗಳ ನಡುವೆ ಓಡಾಡುವಂಥದ್ದು. ಅದನ್ನು ಕಂಠದಿಂದ ಕಂಠಕ್ಕೇ ದಾಟಿಸಬೇಕು. ಆದಿತಾಳವೂ ಹಾಗೆಯೇ: ಒಂದು ತಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ತಟ್ಟಿ ಬೀಸುವ ಎಂಟು ಎಣಿಕೆ ತೊಡೆಯ ಮೇಲೆ ಕೂರಬೇಕೇ ಹೊರತು ಕೋತಿಯ ಕೈಯಲ್ಲಲ್ಲ. ಸ್ವರಗಳ ನಕ್ಷೆಯನ್ನು ಪರದೆ ತೋರಿಸೀತು. ದಾರಿ ನಡೆಸಲು ಗುರುವೇ ಬೇಕು.

ಟ್ಯಾಬ್ ಕಪಾಟು ಸೇರುತ್ತದೆ, ಶ್ರುತಿಪೆಟ್ಟಿಗೆ ಮೊರೆಯುತ್ತದೆ. ಪಾಠ ಮುಗಿದು ಚಪ್ಪಲಿ ಹುಡುಕುವ ಮಕ್ಕಳಿಗೆ ಮನೆಗೆಲಸ ಸಿಗುತ್ತದೆ: "ಇವತ್ತು ಮೊದಲು ಇಟ್ಟ ಶಂಕರಾಭರಣದ ಏಣಿಯಲ್ಲಿ ಮ, ನಿ ಎರಡೂ ತೆಗೆದುಬಿಡಿ. ಉಳಿದ ಐದರಲ್ಲಿ ಒಂದು ಪುಟ್ಟ ಹಾಡು ಕಟ್ಟಿ, ಲಿಂಕ್ ಅಮ್ಮನ ವಾಟ್ಸಾಪಿಂದ ಕಳಿಸಿ. ಅದು ಯಾವ ರಾಗ ಅಂತ ಮಾತ್ರ ಬರೆಯಬೇಡಿ, ಬಂದು ಹಾಡಿ ತೋರಿಸಿ."